ಎರಡೆಳೆ ಜಾಸ್ತಿ

ನನ್ನ ಓರಗಿತ್ತಿ ಕೂತು ಊಟ ಮಾಡಿದ್ದನ್ನು ಈ ಮೂವತ್ತನಾಲ್ಕು ವರ್ಷದಲ್ಲಿ ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತು ಎರಡು ತುತ್ತು, ಅಲ್ಲಿಂದ ಬಾಗಿಲಿಗೆ ಬಂದು ಎರಡು ತುತ್ತು. "ನೀನು ತಿಂದದ್ದು ಹೊಟ್ಟೆಗೆ ಹೋಗುತ್ತೋ ಕಾಲಿಗೆ ಹೋಗುತ್ತೋ" ಎಂದು ನಮ್ಮ ಮಾವ ಕೇಳುತ್ತಿದ್ದರು. ಅವಳು ನನ್ನ ಮೈದುನನ ಹೆಂಡತಿ. ನಾನು ಹಿರಿಯ ಸೊಸೆ, ಅವಳು ಕಿರಿಯವಳು. ಮನೆ ಒಂದೇ, ನಡುವೆ ಅಂಗಳ. ಮುಂದಿನ ಎರಡು ಕೋಣೆ ನನ್ನವು. ಹಿಂದಿನ ಎರಡು ಕೋಣೆ ಮತ್ತು ಕೆಲಸದ ಶೆಡ್ಡು ಅವರದು.

ಮೈದುನ ಬಿಲ್ಲು ಮಾಡುವವನು. ಒಂದೇ ಮರದ ತುಂಡನ್ನು ಕೆತ್ತಿ, ಉಜ್ಜಿ, ಬಾಗಿಸಿ ಮಾಡುವ ಹಳೇ ಕಾಲದ ಬಿಲ್ಲು. ಅವಳು ಅದಕ್ಕೆ ಹೆದೆ ಹೊಸೆಯುವವಳು. ಬಿಲ್ಲು ಕೊಳ್ಳಲು ಬಂದವರು ಮರವನ್ನು ಸವರುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮೂಸಿ ಕೂಡ ನೋಡುತ್ತಾರೆ. ಹೆದೆ ಯಾವುದರದ್ದು ಎಂದು ಕೇಳಿದವರನ್ನು ನಾನು ಕಂಡಿಲ್ಲ. ದಾರ ತಾನೇ, ಯಾವುದಾದರೇನು ಎಂದುಕೊಳ್ಳುತ್ತಾರೆ.

ಅವಳ ಅಪ್ಪ ಮೀನಿನ ಬಲೆ ಹೆಣೆಯುವವರು. ಹಾಗಾಗಿ ಹತ್ತೊಂಬತ್ತನೇ ವಯಸ್ಸಿಗೆ ಈ ಮನೆಗೆ ಬಂದಾಗ ಅವಳಿಗೆ ಅಡುಗೆಗಿಂತ ಹಗ್ಗ ಚೆನ್ನಾಗಿ ಗೊತ್ತಿತ್ತು. ಆಗ ಮನೆಯಲ್ಲಿ ನಡೆಯುತ್ತಿದ್ದದ್ದು ನರದ ಹೆದೆ. ದನದ ಬೆನ್ನಿನ ನರ ಒಣಗಿಸಿ, ಬಡಿದು, ಎಳೆ ಬಿಡಿಸಿ ಹೊಸೆಯುವುದು. ಬಿಸಿಲಿನಲ್ಲಿ ಅದು ರಾಜ. ಗಾಳಿಗೆ ಸ್ವಲ್ಪ ತೇವ ಬಂತೋ, ಅಳುಮುಂಜಿ ಮಗುವಿನ ಹಾಗೆ ಜೋತುಬೀಳುತ್ತಿತ್ತು. ಬಲೆಯವರ ಮಗಳಿಗೆ ಅದನ್ನು ಸಹಿಸಲಾಗಲಿಲ್ಲ.

"ನೀರು ಕಂಡ್ರೆ ಹೆದರೋದೂ ಒಂದು ಹಗ್ಗಾನಾ ಮಾವ?" ಎಂದು ಕೇಳಿಯೇಬಿಟ್ಟಳು.

ಮಾವನ ಎದುರು ಹಾಗೆ ಮಾತಾಡಿದವರು ಅದುವರೆಗೆ ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವರು ಕನ್ನಡಕ ಹಣೆಗೇರಿಸಿ ಅವಳನ್ನೊಮ್ಮೆ ನೋಡಿ, "ಹಾಗಾದ್ರೆ ನೀನೇ ಒಂದು ಹುಡುಕಮ್ಮ" ಎಂದರು.

ಹುಡುಕಿದಳು. ಎರಡು ವರ್ಷ ಹುಡುಕಿದಳು. ಸೆಣಬು ಒರಟು, ಕೈಯೆಲ್ಲ ಸಿಬಿರು. ಹತ್ತಿ ಹಿಗ್ಗುತ್ತಾ ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ. ಹಸಿ ಚರ್ಮದ ಪಟ್ಟಿಗೆ ನರದ್ದೇ ರೋಗ. ರೇಷ್ಮೆ ತುಂಬಾ ಒಳ್ಳೆಯದು, ಆದರೆ ಬೇಕೆಂದಾಗ ಸಿಗದು. "ನೆಂಟರಿಗೆ ಹಾಸೋ ಹಾಸಿಗೆ ಅದು, ದಿನಾ ಮಲಗೋಕಲ್ಲ" ಎಂದಳು. ಕೊನೆಗೆ ಬೀದಿ ತುದಿಯ ಚಪ್ಪಲಿ ಹೊಲಿಯುವವನ ಹತ್ತಿರ ಸಿಕ್ಕಿತು, ಅಗಸೆ ನಾರಿನ ನೂಲು. ಚರ್ಮ ಹೊಲಿಯಲು ಅವನು ಅದಕ್ಕೆ ಜೇನುಮೇಣ ತಿಕ್ಕುತ್ತಿದ್ದ. ಒಂದು ಉಂಡೆ ಇಸಕೊಂಡು ಓಡಿಬಂದಳು. ಶೆಡ್ಡಿನ ತೊಲೆಗೆ ಒಂದು ಎಳೆ ಕಟ್ಟಿ, ಕೆಳಗೆ ಬಕೆಟ್ ನೇತುಹಾಕಿ, ಒಂದೊಂದೇ ಕಲ್ಲು ಹಾಕುತ್ತಾ ಹೋದಳು. ಎಳೆ ಹರಿದು ಬಕೆಟ್ ಧಡ್ ಎಂದು ಬಿದ್ದಾಗ ಕಲ್ಲುಗಳನ್ನು ತೂಗಿದಳು: ಆರು ಕೆಜಿ. ನಂಬಲಿಲ್ಲ. ಮತ್ತೆ ಕಟ್ಟಿದಳು. ಎರಡು ತಿಂಗಳು ಆ ಮನೆಯಲ್ಲಿ ಧಡ್ ಧಡ್ ಎಂಬ ಸದ್ದಿಗೆ ನಾವೆಲ್ಲ ಬೆಚ್ಚಿಬಿದ್ದು ಬೆಚ್ಚಿಬಿದ್ದು ರೂಢಿಯಾಯಿತು.

ಮಾವನ ಲೆಕ್ಕ ಸುಲಭ. ಬಿಲ್ಲನ್ನು ಪೂರ್ತಿ ಎಳೆಯಲು ಎಷ್ಟು ತೂಕ ಬೇಕೋ, ಅದರ ನಾಲ್ಕು ಪಟ್ಟು ತಡೆಯುವಂಥ ಹೆದೆ ಇರಬೇಕು. ಹದಿನೈದು ಕೆಜಿಯ ಬಿಲ್ಲಿಗೆ ಅರವತ್ತು ಕೆಜಿ ತಡೆಯುವ ಹೆದೆ, ಅಂದರೆ ಹತ್ತು ಎಳೆ. ಅದಕ್ಕಿಂತ ಕಮ್ಮಿಯಾದರೆ ಹರಿಯುತ್ತದೆ. ಜಾಸ್ತಿಯಾದರೆ ಹೆದೆ ದಪ್ಪವಾಗಿ ಬಾಣ ಸೋಮಾರಿಯಾಗುತ್ತದೆ. ಎಳೆದು ಹಿಡಿದ ಬಿಲ್ಲಿನಲ್ಲಿ ಹೆದೆ ಹರಿದರೆ ಹೋಗುವುದು ಹೆದೆ ಒಂದೇ ಅಲ್ಲ. ಬಾಣಕ್ಕೆ ಹೋಗಬೇಕಿದ್ದ ಬಲವೆಲ್ಲ ತಿರುಗಿ ಮರಕ್ಕೇ ಬಂದು, ಬಿಲ್ಲು ಸೀಳಿಹೋಗುತ್ತದೆ.

ಹಾಗೇ ಆಯಿತು, ಇಪ್ಪತ್ತಾರು ವರ್ಷದ ಹಿಂದೆ. ಮೈದುನ ಒಂದು ಹೊಸ ಬಿಲ್ಲು ಮುಗಿಸಿದ್ದ, ಅವಳು ಲೆಕ್ಕದ ಪ್ರಕಾರ ಹತ್ತೆಳೆಯ ಹೆದೆ ಹೊಸೆದಿದ್ದಳು. ಮಾವ ಅಂಗಳದಲ್ಲಿ ನಿಂತು ಎಳೆದರು. ಟಪ್ ಅಂದದ್ದಷ್ಟೇ ನನಗೆ ಕೇಳಿಸಿತು. ಒಳಗಿಂದ ಓಡಿಬರುವಾಗ ಅವರು ನೆಲದ ಮೇಲೆ ಕೂತಿದ್ದರು, ಬಿಲ್ಲು ಎರಡು ಹೋಳು, ಹುಬ್ಬಿನಿಂದ ರಕ್ತ ಸುರಿಯುತ್ತಿತ್ತು. ಯಾರೂ ಏನೂ ಕೇಳುವ ಮೊದಲೇ ಇವಳು ಬಾಯಿ ಬಡಿದುಕೊಂಡಳು. "ನನ್ನ ಹೆದೆ ಹರೀತು, ನನ್ನ ಹೆದೆ ಹರೀತು." ಏಳು ಹೊಲಿಗೆ ಬಿತ್ತು. ಕಣ್ಣು ಉಳಿಯಿತು. ಮಾವ ಅವಳನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಅಂದಿನಿಂದ ಅವಳು ಯಾವ ಬಿಲ್ಲಿಗೇ ಆಗಲಿ, ಲೆಕ್ಕಕ್ಕಿಂತ ಎರಡೆಳೆ ಜಾಸ್ತಿ ಹಾಕಲು ಶುರು ಮಾಡಿದಳು. "ಇರ್ಲಿ, ಎರಡೆಳೆ ಏನು ಮಹಾ" ಎನ್ನುತ್ತಿದ್ದಳು. ಗಂಡ ಹೆಂಡತಿಗೆ ಅದೊಂದೇ ಜಗಳ. ನನ್ನ ಬಿಲ್ಲನ್ನ ಕುಂಟು ಮಾಡ್ತಾಳೆ ಎಂದು ಅವನು, ಮುರಿದ ಬಿಲ್ಲಿಗಿಂತ ಕುಂಟೋ ಬಿಲ್ಲು ವಾಸಿ ಎಂದು ಇವಳು. ಬಿಲ್ಲು ಕಲಿಯುವ ಮೈದಾನದಲ್ಲಿ ಅವಳಿಗೆ ಎರಡೆಳೆಯಮ್ಮ ಎಂದೇ ಹೆಸರು ಬಿತ್ತು. ಹೆಸರಿಗೆ ನಗುತ್ತಿದ್ದಳು. ಆದರೆ ಹೊಸ ಹೆದೆ ಏರಿಸಿದ ದಿನ ಅವಳ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ. ಬಾಗಿಲಿಗೆ ಬರುವುದು, ಒಳಗೆ ಹೋಗುವುದು, ಆರಿಸಿದ ಒಲೆಯನ್ನು ಮತ್ತೆ ನೋಡುವುದು, ಸ್ವೆಟರಿನ ತೋಳಿನ ದಾರ ಕೀಳುವುದು. ಆ ಸ್ವೆಟರಿನ ತೋಳು ವರ್ಷಕ್ಕೆ ನಾಲ್ಕು ಬೆರಳು ಗಿಡ್ಡವಾಗುತ್ತಿತ್ತು.

ಈಗ ನಾನು ಹೇಳಹೊರಟದ್ದು ಈ ವರ್ಷದ ಸಂಗತಿ.

ಮೈದುನನಿಗೆ ಎರಡು ವರ್ಷದಿಂದ ಬಲಗೈ ನಡುಕ. ಕಣ್ಣು ಚೆನ್ನಾಗಿದೆ, ಮರದ ಗುಣ ಬೆರಳಿಗೆ ಗೊತ್ತಾಗುತ್ತದೆ, ಆದರೆ ಮರ ಹೆರೆಯುವ ಹತ್ತರಿ ಹಿಡಿದರೆ ಕೈ ಹೇಳಿದ ಮಾತು ಕೇಳುವುದಿಲ್ಲ. ಅಟ್ಟದ ಮೇಲೆ ಒಂಬತ್ತು ವರ್ಷ ಒಣಗಿದ್ದ ಒಂದು ಮರದ ತುಂಡಿತ್ತು. ಅದನ್ನು ಇಳಿಸಿ, ದಿನಕ್ಕೆ ಅರ್ಧ ಗಂಟೆ ಮುಕ್ಕಾಲು ಗಂಟೆ, ಕೈ ನಿಂತಷ್ಟು ಹೊತ್ತು ಕೆತ್ತಿ, ಒಂದು ವರ್ಷ ಹಿಡಿದು ಬಿಲ್ಲು ಮಾಡಿದ. ಹದಿನೆಂಟು ಕೆಜಿಯ ಬಿಲ್ಲು. "ಇದೇ ನಂದು ಕೊನೇದು ಅತ್ತಿಗೆ" ಎಂದು ನನ್ನ ಹತ್ತಿರ ಹೇಳಿದ. ಅವಳ ಹತ್ತಿರ ಹೇಳಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತು ಅಂದರೆ ಹನ್ನೆರಡು ಎಳೆಯ ಬಿಲ್ಲಿಗೆ ಎರಡಲ್ಲ, ನಾಲ್ಕು ಎಳೆ ಸೇರಿಸಿ ಹದಿನಾರರ ಹೆದೆ ಹೊಸೆದಳು.

ಬಿಲ್ಲು ಕೊಂಡವರು ದೊಡ್ಡಾಸ್ಪತ್ರೆಯ ನರ್ಸಮ್ಮ. ನಲವತ್ತರ ಹೆಂಗಸು, ಗಟ್ಟಿ ಕೈ, ಗಟ್ಟಿ ಬಾಯಿ. ರಜೆ ಸಿಕ್ಕಾಗೆಲ್ಲ ಮೈದಾನಕ್ಕೆ ಹೋಗಿ ಬಾಣ ಬಿಡುವುದು ಅವರ ಹುಚ್ಚು. ಮಂಗಳವಾರ ಬೆಳಿಗ್ಗೆ ಬಿಲ್ಲು ಹೆಗಲಿಗೇರಿಸಿಕೊಂಡು ಬಂದವರು ಅಂಗಳದಲ್ಲೇ ಶುರು ಮಾಡಿದರು.

"ಅಕ್ಕ, ಇದೇನು ಹೆದೆನೋ ಬಾವಿ ಹಗ್ಗಾನೋ? ಬಾಣದ ಬುಡ ಇದರ ಮೇಲೆ ಕೂರೋದೇ ಇಲ್ಲ. ಕೂತರೆ ಏಳೋದಿಲ್ಲ. ಅರವತ್ತು ಹೆಜ್ಜೆ ದೂರಕ್ಕೆ ಬಿಟ್ಟರೆ ಗುರಿ ಹಲಗೆ ಕಾಲಿಗೆ ಹೋಗಿ ಹೊಡೀತದೆ. ಹಲಗೆ ಏನು ತಪ್ಪು ಮಾಡ್ತು ಪಾಪ?"

"ಗಟ್ಟಿ ಇರ್ಲಿ ಅಂತ..." ಎಂದಳು ಇವಳು.

"ಗಟ್ಟಿ ಬೇಕಾದ್ರೆ ಅಂಗಡೀಲಿ ಹೊಸ ಥರದ ಬಿಳೀ ದಾರ ಬಂದಿದೆ. ಕೂದಲಷ್ಟು ಸಣ್ಣ, ಆನೆ ಕಟ್ಟಿದ್ರೂ ಹರಿಯಲ್ಲವಂತೆ. ಭಾನುವಾರ ಮರದ ಬಿಲ್ಲಿನವರ ಪಂದ್ಯ ಇದೆ. ಅದನ್ನೇ ಹಾಕಿಸ್ಕೊಳ್ತೀನಿ."

ಶೆಡ್ಡಿನಿಂದ ಮೈದುನ ಹೊರಗೆ ಬಂದ. "ಬೇಡ ನರ್ಸಮ್ಮ. ಆ ದಾರ ಹರಿಯಲ್ಲ ನಿಜ. ಹಿಗ್ಗೋದೂ ಇಲ್ಲ. ಬಾಣ ಬಿಟ್ಟಾಗ ಬಿಲ್ಲಿನ ತೋಳು ಓಡಿಬಂದು ಹೆದೆಗೆ ಜೋತುಬಿದ್ದು ನಿಲ್ಲುತ್ತೆ. ನಾರಿನ ಹೆದೆ ಆವಾಗ ಕೂದಲೆಳೆಯಷ್ಟು ಹಿಗ್ಗಿ ಆ ಏಟು ತಗೊಳ್ಳುತ್ತೆ. ಅಂಗಡಿ ದಾರ ತಗೊಳ್ಳಲ್ಲ, ಅಷ್ಟೂ ಏಟು ಮರಕ್ಕೇ. ಅದು ಕಂಪನಿ ಬಿಲ್ಲಿಗೆ ಸರಿ. ಈ ಮರಕ್ಕೆ ಹಾಕಿದ್ರೆ ತುದಿ ಸೀಳುತ್ತೆ."

"ಅಂದ್ರೆ ಹೆದೆ ಮೆತ್ತಗಿದ್ರೆ ಹರಿಯುತ್ತೆ, ಗಟ್ಟಿಯಿದ್ರೆ ಬಿಲ್ಲು ಮುರಿಯುತ್ತೆ. ಒಳ್ಳೇ ಸಂಸಾರ ಆಯ್ತಲ್ಲ ನಿಮ್ದು!" ನರ್ಸಮ್ಮ ನಕ್ಕರು. ಬೇರೆ ಯಾರೂ ನಗಲಿಲ್ಲ. "ಸರಿ, ನೀವೇ ಸಣ್ಣದು ಮಾಡ್ಕೊಡಿ. ಬಿಲ್ಲು ಇಲ್ಲೇ ಇರ್ಲಿ. ಶನಿವಾರ ಸಂಜೆ ಬರ್ತೀನಿ. ಆಗಿಲ್ಲಾಂದ್ರೆ ಅಂಗಡಿ ದಾರವೇ ಗತಿ. ಬಿಲ್ಲು ನನ್ನದು, ಹೌದು ತಾನೇ?"

ಹೌದು. ಅದಕ್ಕೆ ಯಾರೂ ಇಲ್ಲ ಅನ್ನುವ ಹಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಕೆಲಸಕ್ಕೆ ನಿಂತಳು. ಶೆಡ್ಡಿನ ಉದ್ದಕ್ಕೆ ಒಂದು ಹಲಗೆ ಇದೆ, ಎರಡು ತುದಿಗೆ ಎರಡು ಗೂಟ. ನೂಲನ್ನು ಈ ಗೂಟದಿಂದ ಆ ಗೂಟಕ್ಕೆ ಎಳೆಯುತ್ತಾ ಎಳೆ ಎಣಿಸುವುದು. ಆಮೇಲೆ ಅದನ್ನು ಎರಡು ಪಾಲು ಮಾಡಿ, ಮೇಣ ತಿಕ್ಕಿ, ಒಂದೊಂದು ಪಾಲನ್ನೂ ಆ ಕಡೆಗೆ ಹೊಸೆದು, ಎರಡನ್ನೂ ಕೂಡಿಸಿ ಈ ಕಡೆಗೆ ಸುತ್ತುವುದು. ನಾನು ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದೆ. ಹತ್ತು, ಹನ್ನೊಂದು, ಹನ್ನೆರಡು. ಕತ್ತರಿ ಎತ್ತಿಕೊಂಡಳು. ಕೆಳಗಿಟ್ಟಳು. ನೂಲುಂಡೆ ಹಿಡಿದು ಮತ್ತೆ ಆ ತುದಿಗೆ ಹೋದಳು.

"ಸಣ್ಣದು ಬೇಕು ಅಂದ್ರಲ್ಲ ನರ್ಸಮ್ಮ, ಹನ್ನೆರಡಕ್ಕೆ ನಿಲ್ಲಿಸು" ಎಂದೆ.

"ನಿಲ್ಲಿಸ್ದೆ ಅಕ್ಕ. ಕೈ ನಿಲ್ಲಲಿಲ್ಲ."

ಹದಿನಾಲ್ಕು ಎಳೆ ಆಗಿಹೋಗಿತ್ತು. ಬಿಚ್ಚಿದಳು. ಮತ್ತೆ ಎಣಿಸಿದಳು. ಹನ್ನೆರಡು. ಅಂಗಳಕ್ಕೆ ಹೋಗಿ ನೀರು ಕುಡಿದು ಬಂದಳು. ಬಂದವಳೇ ಹದಿಮೂರನೆಯದನ್ನು ಎಳೆದಳು. "ಹದಿಮೂರು ಆಗಬಹುದೇನೋ ಅಕ್ಕ?" ಎಂದು ನನ್ನನ್ನೇ ಕೇಳಿದಳು. ಎರಡು ಪಾಲು ಮಾಡಬೇಕಾದ ಹೆದೆಗೆ ಬೆಸಸಂಖ್ಯೆ ಆಗುವುದಿಲ್ಲ ಅಂತ ಬಟಾಣಿ ಸುಲಿಯುವ ನನಗೂ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಆ ನೂಲು ಗೂಟ ತಿರುಗಿ ತಿರುಗಿ ನವಿರೆದ್ದು ಕೆಲಸಕ್ಕೆ ಬಾರದಂತಾಯಿತು. ಗಂಡ ಒಂದು ಸಲ ಇಣುಕಿ, "ಹೆದರಿಕೆ ಹೊಸೀತಿದ್ದಾಳೆ, ಹೆದೆ ಅಲ್ಲ" ಎಂದು ಗೊಣಗಿ ಹೋದ. ಅವಳು ಅಂಗಡಿಗೆ ಹೋಗಿ ಹೊಸ ಉಂಡೆ ತಂದಳು.

ಗುರುವಾರವೂ ಅದೇ ಕಥೆ. ಸಂಜೆ ನಾಲ್ಕರ ಹೊತ್ತಿಗೆ ನರ್ಸಮ್ಮ ಆಸ್ಪತ್ರೆ ಮುಗಿಸಿ, ಎಲ್ಲಿಗೆ ಬಂತು ನೋಡೋಣ ಎಂದು ಬಂದರು. ಮೈದುನ ಮೂಲೆಯಲ್ಲಿ ಕೂತು ಬಿಲ್ಲಿನ ತುದಿಯ ಕಚ್ಚನ್ನು, ಹೆದೆಯ ಕುಣಿಕೆ ಸಿಕ್ಕಿಸುವ ಜಾಗವನ್ನು, ಉಪ್ಪುಕಾಗದದಿಂದ ಉಜ್ಜುತ್ತಿದ್ದ. ನಡುಗುವ ಕೈಯಲ್ಲಿ ಅದೊಂದು ಕೆಲಸ ಆಗುತ್ತಿತ್ತು. ನರ್ಸಮ್ಮನಿಗೆ ನಾನು ಟೀ ಕೊಟ್ಟೆ. ಅವರು ಗೂಟ, ನೂಲು, ಇವಳ ಮುಖ ಎಲ್ಲವನ್ನೂ ನೋಡಿದರು.

"ಯಾಕಕ್ಕ ಇಷ್ಟು ಹೆದರ್ತೀರಾ?"

ಅವಳು ಹೇಳಿದಳು. ಮಾವ, ಹತ್ತೆಳೆ, ಹುಬ್ಬು, ಏಳು ಹೊಲಿಗೆ.

"ಎಲ್ಲಿ ಹರಿದದ್ದು?"

"ಇಲ್ಲೇ, ಅಂಗಳದಲ್ಲಿ."

"ಅಂಗಳ ಅಲ್ಲಕ್ಕ, ಹೆದೇಲಿ ಎಲ್ಲಿ? ನಡುವೇನೋ ತುದೀನೋ?"

ಇಪ್ಪತ್ತಾರು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅವಳು ಕೈಯಲ್ಲಿದ್ದ ನೂಲನ್ನು ನೋಡುತ್ತಾ ನಿಂತಳು. "ತುದೀಲಿ. ಮೇಲಿನ ಕುಣಿಕೇಲೇ. ಹತ್ತೂ ಎಳೆ ಒಂದೇ ಕಡೆ."

"ತುದಿ ಹೇಗಿತ್ತು? ಪೊರಕೆ ಥರ ಕೆದರಿತ್ತಾ, ಸಪಾಟಾಗಿತ್ತಾ?"

"ಸಪಾಟು."

"ಬ್ಯಾಂಡೇಜ್ ಬಟ್ಟೇನ ಎಳೆದು ಹರಿದ್ರೆ ಕೆದರುತ್ತೆ, ಕತ್ತರಿ ಹಾಕಿದ್ರೆ ಸಪಾಟು. ದಿನಾ ನೋಡ್ತೀನಲ್ಲ. ಎಳೆ ಸಾಲದೆ ಹರಿದದ್ದಲ್ಲ ಅನ್ಸುತ್ತಪ್ಪ ಅದು, ಏನೋ ಕೊಯ್ದಿದೆ."

ಉಪ್ಪುಕಾಗದದ ಸದ್ದು ನಿಂತಿತ್ತು. ಅದು ನಿಂತದ್ದರಿಂದಲೇ ಅಷ್ಟು ಹೊತ್ತು ಅದು ಕೇಳಿಸುತ್ತಿತ್ತು ಎಂದು ನನಗೆ ಗೊತ್ತಾಯಿತು. ಮೈದುನ ತಲೆ ಎತ್ತಲಿಲ್ಲ. ನರ್ಸಮ್ಮ ಒಬ್ಬೊಬ್ಬರ ಮುಖ ನೋಡಿ, ಲೋಟ ಕೆಳಗಿಟ್ಟು, "ಬರ್ತೀನಿ, ಶನಿವಾರ" ಎಂದು ಚಪ್ಪಲಿ ಮೆಟ್ಟಿದರು. ರೋಗಿಯ ಕೋಣೆಯಿಂದ ಯಾವಾಗ ಹೊರಗೆ ಹೋಗಬೇಕು ಎಂದು ಗೊತ್ತಿದ್ದ ಹೆಂಗಸು.

"ಏನ್ರೀ?" ಎಂದಳು ಇವಳು.

ಅವನು ಬಿಲ್ಲಿನ ಕಚ್ಚಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಹೇಳಿದ. "ಆವತ್ತಿನ ಬಿಲ್ಲಿಗೆ ಕಚ್ಚಿನ ಅಂಚು ನಾನು ಉಜ್ಜಿರಲಿಲ್ಲ. ಹಸಿ ಹಸಿ, ಚಾಕು ಥರ ಇತ್ತು. ಅಪ್ಪ ಮೂರು ಸಲ ಹೇಳಿದ್ರು, ಅಂಚು ಮುರಿಯೋ, ಅಂಚು ಮುರಿಯೋ ಅಂತ. ಹೂಂ ಹೂಂ ಅಂದೆ, ಬಿಟ್ಟೆ. ಅದು ಹೆದೇನ ಕೊಯ್ತು."

"ನಿಮಗೆ ಗೊತ್ತಿತ್ತು."

"ಹೋಳು ಎತ್ತಿದಾಗಲೇ ಗೊತ್ತಾಯ್ತು. ಆದ್ರೆ ನೀನು ಮೊದಲೇ ನನ್ನ ಹೆದೆ ನನ್ನ ಹೆದೆ ಅಂತ ಅಳ್ತಿದ್ದೆ. ಆವತ್ತು ಹೇಳಲಿಲ್ಲ. ಮಾರನೇ ದಿನ ಹೇಳೋದು ಕಷ್ಟ ಆಯ್ತು. ಆಮೇಲೆ ನೀನು ಎರಡೆಳೆ ಸೇರಿಸೋಕೆ ಶುರು ಮಾಡ್ದೆ. ಅದು ಹಾಗೇ ಮನೆ ಪದ್ಧತಿ ಥರ ಆಗೋಯ್ತು."

"ಪದ್ಧತಿ ಥರ." ಅವಳ ದನಿ ಏರಲಿಲ್ಲ. "ಆ ಎರಡೆಳೆಗೆ ನೀವು ನನ್ನ ಜೊತೆ ಜಗಳ ಆಡ್ತಿದ್ರಿ. ಇಪ್ಪತ್ತಾರು ವರ್ಷ. ನಿನ್ನೆ ಕೂಡ. ನಾನು ಹೆದರಿಕೆ ಹೊಸೀತಿದೀನಿ ಅಂದ್ರಿ."

ಅವನು ಉಪ್ಪುಕಾಗದವನ್ನು ನಾಲ್ಕಾಗಿ ಮಡಿಸಿದ.

"ಮಾವಂಗೆ ಗೊತ್ತಿತ್ತಾ?"

"ಗೊತ್ತಿಲ್ಲ. ಕೇಳೋ ಧೈರ್ಯ ಬರಲಿಲ್ಲ. ಅವರು ಹೋಳುಗಳನ್ನ ತಾವೇ ಒಲೆಗೆ ಹಾಕಿದ್ರು."

ಅವಳು ನೂಲುಂಡೆ ಕೆಳಗಿಟ್ಟು ಅಂಗಳಕ್ಕೆ ಹೋದಳು. ಬೆಳಿಗ್ಗೆ ಗುಡಿಸಿದ್ದ ಅಂಗಳವನ್ನೇ ಗುಡಿಸಿದಳು. ಗೋಡೆಯಿಂದ ಗೋಡೆಗೆ, ಮತ್ತೆ ಅಲ್ಲಿಂದ ಇಲ್ಲಿಗೆ. ಮೈದುನ ನನ್ನ ಕಡೆ ತಿರುಗಿ, "ಅತ್ತಿಗೆ, ನೀವಾದ್ರೂ ಒಂದು ಮಾತು ಹೇಳಿ" ಎಂದ.

"ನಾನೇನು ಹೇಳಲಪ್ಪ? ಇಪ್ಪತ್ತಾರು ವರ್ಷದ ಹಳಸಲು ಇವತ್ತು ತಟ್ಟೆಗೆ ಹಾಕಿದೀಯ. ಬಿಸಿ ಮಾಡಿಕೊಡಿ ಅಂತೀಯಲ್ಲ" ಎಂದು ಖಾಲಿ ಲೋಟ ಎತ್ತಿಕೊಂಡು ಬಂದುಬಿಟ್ಟೆ.

ಶುಕ್ರವಾರ ಆ ಮನೆಯಲ್ಲಿ ಮಾತಿಲ್ಲ. ಅವಳು ಬೆಳಿಗ್ಗೆಯೇ ಗೂಟದ ಹತ್ತಿರ ನಿಂತು ಸರಸರನೆ ಹನ್ನೆರಡು ಎಳೆದು ಕತ್ತರಿ ಹಾಕಿದಳು. ಹದಿಮೂರರ ಕಡೆ ಕೈ ಹೋಗಲೇ ಇಲ್ಲ. ನನಗೆ ಸಮಾಧಾನವಾಯಿತು, ಆದರೆ ಅದು ಒಂದು ಗಳಿಗೆ ಮಾತ್ರ. ಕೋಪದಲ್ಲಿ ಹೊಸೆದದ್ದಲ್ಲವೇ, ಹುರಿ ಎಷ್ಟು ಬಿಗಿಯಾಗಿತ್ತು ಅಂದರೆ, ಗೂಟದಿಂದ ತೆಗೆದ ಕೂಡಲೇ ಹೆದೆ ಚಕ್ಕನೆ ಸುರುಳಿ ಸುತ್ತಿಕೊಂಡು ಅವಳ ಮಣಿಕಟ್ಟಿಗೆ ಬಡಿಯಿತು. ಅಷ್ಟು ಬಿಗಿ ಹುರಿಯಲ್ಲಿ ಎಳೆಗಳು ಒಂದನ್ನೊಂದು ತಿಂದುಹಾಕುತ್ತವೆ. ಬಿಚ್ಚಿದಳು. ಎರಡನೆಯದೂ ಹಾಗೇ ಆಯಿತು. ಬಿಚ್ಚಿದಳು. ಮೂರನೆಯದಕ್ಕೆ ಮೊದಲು ನನ್ನ ಅಡುಗೆಮನೆಗೆ ಬಂದು, ಕೇಳದೆ ನನ್ನ ಕೈಯಿಂದ ಚಾಕು ಕಿತ್ತುಕೊಂಡು ಒಂದು ಬುಟ್ಟಿ ಈರುಳ್ಳಿ ಹೆಚ್ಚಿದಳು. ಕಣ್ಣು ಮೂಗು ಎಲ್ಲ ಒರೆಸಿಕೊಂಡು ವಾಪಸು ಹೋದಳು. ಆ ಸಲ ಹುರಿ ಸರಿಯಾಗಿ ಬಂತು. ತೊಲೆಗೆ ಕಟ್ಟಿ ಕಲ್ಲಿನ ಬಕೆಟ್ ನೇತುಹಾಕಿ ಸಂಜೆವರೆಗೆ ಬಿಟ್ಟಳು. ಎರಡು ಬೆರಳಷ್ಟು ಹಿಗ್ಗಿ ನಿಂತಿತು. ಆಮೇಲೆ ಹಿಗ್ಗಲಿಲ್ಲ.

ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಹೊಸ ಹೆದೆಯನ್ನು ಮೊದಲು ಎಳೆಯುವವನು ಬಿಲ್ಲು ಮಾಡಿದವನು. ಮರ ಎಲ್ಲಿ ನರಳುತ್ತದೆ ಎಂದು ಅವನಿಗೇ ಗೊತ್ತಾಗುವುದು. ಶನಿವಾರ ಮಧ್ಯಾಹ್ನ ಮೈದುನ ಅಂಗಳಕ್ಕೆ ಬಂದು ಬಿಲ್ಲಿಗೆ ಹೆದೆ ಏರಿಸಿದ. ಸ್ವಲ್ಪ ಎಳೆದು ಇಪ್ಪತ್ತು ಎಣಿಸಿ ಬಿಟ್ಟ. ಅರ್ಧ ಎಳೆದು ಇಪ್ಪತ್ತು ಎಣಿಸಿ ಬಿಟ್ಟ. ಅರ್ಧ ದಾಟಿದ ಮೇಲೆ ಕೈ ನಡುಗಲು ಶುರುವಾಯಿತು. ಬಿಲ್ಲು ಅವನ ಹಿಡಿತದಲ್ಲಿ ಕುಣಿಯುತ್ತಿತ್ತು. ಮತ್ತೆ ಪ್ರಯತ್ನಿಸಿದ. ಮುಖ ಕೆಂಪಾಯಿತು. ಆಗಲಿಲ್ಲ. ಬಾಗಿಲಿಗೂ ಬಾವಿಕಟ್ಟೆಗೂ ಓಡಾಡುತ್ತಿದ್ದ ಅವಳು ಬಂದು ಅವನ ಕೈಯಿಂದ ಬಿಲ್ಲು ತೆಗೆದುಕೊಂಡಳು.

"ನೀನು ಎಳೀತೀಯಾ?" ಎಂದೆ ನಾನು. ಮಾವನಿಗೆ ಪೆಟ್ಟಾದ ಮೇಲೆ ಅವಳು ಬಿಲ್ಲನ್ನು ಎಳೆದದ್ದೇ ಇಲ್ಲ. "ಬೇಡ, ನರ್ಸಮ್ಮ ಬರ್ತಾರೆ, ಅವರೇ ನೋಡ್ಕೊಳ್ಳಲಿ."

"ಅವರ ಹುಬ್ಬು ಅವರಪ್ಪ ಕೊಟ್ಟದ್ದು ಅಕ್ಕ, ನಾನು ಯಾಕೆ ಪಣಕ್ಕಿಡಲಿ? ಸರಿದು ನಿಲ್ಲಿ."

ಕಾಲು ಅಗಲಿಸಿ ನಿಂತಳು. ಎಳೆದಳು. ಮುಕ್ಕಾಲು. ಮರ ಕಿರ್ ಅಂದಿತು. ಅವಳ ದವಡೆ ಗಟ್ಟಿಯಾಯಿತು, ಮೊಣಕೈ ಹಿಂದೆ ಹೋಯಿತು, ಹೆದೆ ಗಲ್ಲಕ್ಕೆ ತಾಗಿತು. ಪೂರ್ತಿ. ಇಪ್ಪತ್ತು ಎಣಿಸಿದವಳು ಅವಳಲ್ಲ, ನಾನು, ಅದೂ ಅವಸರದಲ್ಲಿ. ಬಾಣವಿಲ್ಲದೆ ಹೆದೆಯನ್ನು ಸುಮ್ಮನೆ ಬಿಡಬಾರದು, ಅದೂ ಮರಕ್ಕೆ ಪೆಟ್ಟು. ಅದಕ್ಕೇ ಬೆರಳು ಬೆರಳಾಗಿ, ನಿಧಾನವಾಗಿ ಮುಂದಕ್ಕೆ ತಂದು ಬಿಟ್ಟಳು. ಇನ್ನೂ ನಾಲ್ಕು ಸಲ ಹಾಗೇ ಎಳೆದಳು. ಆಮೇಲೆ ಕುಣಿಕೆ ಬಿಚ್ಚಿ, ಒಂದೊಂದೇ ಎಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮತ್ತೆ ನೋಡಿದಳು. ಸಂಜೆ ನರ್ಸಮ್ಮ ಬಂದು ಬಿಲ್ಲು ಕೇಳಿದಾಗ ಕೊಟ್ಟಳೇ ಹೊರತು ಕೈ ಸಡಿಲಿಸಲು ತುಸು ಹೊತ್ತು ಬೇಕಾಯಿತು.

ಭಾನುವಾರ ನಾವು ಮೂವರೂ ಮೈದಾನಕ್ಕೆ ಹೋದೆವು. ಬೆಂಚಿನ ಈ ತುದಿಗೆ ಅವನು, ಆ ತುದಿಗೆ ಅವಳು, ನಡುವೆ ಗೋಡೆಯ ಹಾಗೆ ನಾನು. ಆದರೆ ಅವಳು ಕೂತಿದ್ದರೆ ತಾನೇ? ಒಬ್ಬೊಬ್ಬರಿಗೆ ಮೂವತ್ತಾರು ಬಾಣ. ನರ್ಸಮ್ಮ ಹೆದೆ ಎಳೆದಾಗಲೆಲ್ಲ ಇವಳು ಎದ್ದು ನಿಲ್ಲುತ್ತಾಳೆ, ಬಿಟ್ಟಾಗ ಕೂರುತ್ತಾಳೆ. ಹಿಂದೆ ಕೂತಿದ್ದ ಒಬ್ಬ ಮುದುಕ, "ಅಮ್ಮಾ, ಒಂದು ನಿರ್ಧಾರಕ್ಕೆ ಬನ್ನಿ. ನಿಂತರೆ ನಿಲ್ಲಿ, ಕೂತರೆ ಕೂತ್ಕೊಳ್ಳಿ" ಎಂದ. ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಅರವತ್ತು ಹೆಜ್ಜೆಯ ಹಲಗೆಗೆ ಮೊದಲ ಬಾಣ ಹೋಗಿ ನೆಟ್ಟಿತು. ಕಾಲಿಗಲ್ಲ, ಎದೆಗೆ. ಮೈದುನ ತೊಡೆ ತಟ್ಟಿಕೊಂಡ. ಇವಳು ಹಲಗೆ ನೋಡಲೇ ಇಲ್ಲ, ಅವಳ ಕಣ್ಣೆಲ್ಲ ಹೆದೆಯ ಮೇಲೆ.

ಹತ್ತೊಂಬತ್ತನೇ ಬಾಣಕ್ಕೆ ಏನೋ ಪಟ್ ಅಂದಿತು. ನರ್ಸಮ್ಮ ತಟ್ಟನೆ ನಿಂತು ಬಿಲ್ಲು ಇಳಿಸಿದರು. ಹೆದೆಯ ನಡುವೆ ಒಂದು ದಾರದ ತುದಿ ಜೋತಾಡುತ್ತಿತ್ತು. ಇವಳು ನನ್ನನ್ನು ದಾಟಿ, ಹಗ್ಗದ ಬೇಲಿ ದಾಟಿ, ಓಡಿದಳು. ಪಂದ್ಯ ನಡೆಸುವವರು ಕೈ ಅಡ್ಡ ಹಿಡಿದು, "ಒಳಗೆ ಯಾರೂ ಬರೋ ಹಾಗಿಲ್ಲಮ್ಮ" ಎಂದರು.

"ಹೆದೆ ನನ್ನದು!" ಎಂದು ಕೂಗಿದಳು. ಇಡೀ ಮೈದಾನ ತಿರುಗಿ ನೋಡಿತು.

ಅವರು ದಾರಿ ಬಿಟ್ಟರು. ಅವಳ ಹಿಂದೆಯೇ ಮೈದುನನೂ ಹೋದ. ಅವಳು ಹೆದೆಯನ್ನು ಬೆರಳ ನಡುವೆ ಜಾರಿಸುತ್ತಾ ಮೇಲಿನಿಂದ ಕೆಳಗಿನವರೆಗೆ ಬಂದಳು, ತುಟಿ ಅಲುಗುತ್ತಿತ್ತು, ಎಳೆ ಎಣಿಸುತ್ತಿದ್ದಳು. ಹೆದೆ ಹರಿದಿರಲಿಲ್ಲ. ಬಾಣ ಕೂರುವ ಜಾಗ ಸವೆಯಬಾರದೆಂದು ನಡುವೆ ಸುತ್ತಿರುತ್ತಾರಲ್ಲ ದಾರ, ಅದರ ತುದಿ ಬಿಟ್ಟುಕೊಂಡಿತ್ತು ಅಷ್ಟೇ. ಬಾಯಿಂದ ಕಚ್ಚಿ ಎಳೆದು, ಸುತ್ತಿನ ಒಳಗೆ ಸಿಕ್ಕಿಸಿ, ಮೇಣ ತಿಕ್ಕಿ ಕೊಟ್ಟಳು. ಮೈದುನ ಅಷ್ಟು ಹೊತ್ತೂ ಬಿಲ್ಲಿನ ಮೇಲಿನ ಕಚ್ಚಿನ ಅಂಚಿಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದ. ಒಂದೇ ಬಿಲ್ಲು, ಅವನ ತಲೆ ಒಂದು ಕಡೆ, ಅವಳ ತಲೆ ಒಂದು ಕಡೆ. ಒಬ್ಬರನ್ನೊಬ್ಬರು ನೋಡಲಿಲ್ಲ.

"ಇಬ್ಬರು ಡಾಕ್ಟರು, ಒಬ್ಬ ರೋಗಿ" ಎಂದರು ನರ್ಸಮ್ಮ. "ಬಿಡ್ಲಾ?"

"ಬಿಡಿ" ಎಂದಳು ಅವಳು. ಹೇಳಿದ್ದು ಗಟ್ಟಿಯಾಗಿಯೇ, ಆದರೆ ವಾಪಸು ಬಂದು ಕೂತಾಗ ನನ್ನ ಕೈ ಹಿಡಿದವಳು ಮೂವತ್ತಾರನೇ ಬಾಣದವರೆಗೆ ಬಿಡಲಿಲ್ಲ. ಉಗುರಿನ ಗುರುತು ಎರಡು ದಿನ ಇತ್ತು.

ಬಿಲ್ಲು ಉಳಿಯಿತು. ನರ್ಸಮ್ಮ ನಾಲ್ಕನೆಯವರಾದರು. ಬಹುಮಾನ ಮೂವರಿಗೆ, ನಾಲ್ಕನೆಯವರಿಗೆ ಚಪ್ಪಾಳೆ. "ಮೂರನೆಯವಳ ಕೈ ನಾನು ನೋಡಿದೀನಿ, ಮುಂದಿನ ವರ್ಷ ಅವಳು ನಾಲ್ಕು" ಎಂದು ಹೇಳಿ, ಇವಳ ಬೆನ್ನು ತಟ್ಟಿ, "ಬದಲಿಗೆ ಇನ್ನೊಂದು ಇಂಥದ್ದೇ ಹೊಸೆದಿಡಿ ಅಕ್ಕ. ಹನ್ನೆರಡು. ಹದಿಮೂರು ಕಂಡ್ರೆ ನಾನು ಇಂಜೆಕ್ಷನ್ ತರ್ತೀನಿ" ಎಂದು ಹೋದರು.

ಮನೆಗೆ ಬಂದು ಕಾಲು ತೊಳೆಯುವುದಕ್ಕೂ ಪುರುಸೊತ್ತಿಲ್ಲ, ಅವಳು ನೇರ ಶೆಡ್ಡಿಗೆ ಹೋದಳು. ಗೋಡೆಯ ಮೇಲೆ ಮಾರಾಟಕ್ಕೆ ತೂಗುಹಾಕಿದ ಆರು ಬಿಲ್ಲುಗಳಿದ್ದವು, ಕೈ ನಡುಗುವ ಮೊದಲು ಮೈದುನ ಮಾಡಿದ್ದವು. ಒಂದೊಂದರ ಪಕ್ಕದ ಮೊಳೆಯಲ್ಲೂ ಅದರ ದಪ್ಪ ಹೆದೆ. ಆರು ಹೆದೆಗಳನ್ನೂ ಇಳಿಸಿ ಕತ್ತರಿಯಿಂದ ನಡುವೆ ಕತ್ತರಿಸಿ ಬುಟ್ಟಿಗೆ ಹಾಕಿದಳು. ಅವನು ಬಾಗಿಲಲ್ಲಿ ಬಂದು ನಿಂತ.

"ಏನಾದ್ರೂ ಹೇಳು" ಎಂದ. "ಬೈದುಬಿಡು ಬೇಕಾದ್ರೆ."

"ಬೈದ್ರೆ ನಿಮಗೆ ಹಗುರ ಆಗುತ್ತೆ. ನನಗೇನು ಬಂತು?"

ಅವನು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಮೊದಲನೇ ಬಿಲ್ಲು ಎತ್ತಿಕೊಂಡು ಅದರ ಬೆನ್ನಿನ ಮೇಲೆ ಬರೆದಿದ್ದ ತೂಕ ನೋಡಿದಳು. ಹದಿನೈದು ಕೆಜಿ. ನೂಲುಂಡೆಯನ್ನು ಗೂಟಕ್ಕೆ ಸಿಕ್ಕಿಸಿದಳು.

"ಬನ್ನಿ ಇಲ್ಲಿ. ಎಣಿಸಿ."

ಅವನು ಬಂದ. ಅವಳು ಎಳೆದಳು, ಅವನು ಮನಸ್ಸಿನಲ್ಲೇ ಎಣಿಸಿದ.

"ಬಾಯಿ ಬಿಟ್ಟು ಎಣಿಸಿ. ನನಗೆ ಕೇಳಬೇಕು."

"ಒಂದು" ಎಂದ. ಅವಳು ಆ ತುದಿಗೆ ಹೋದಳು, ಈ ತುದಿಗೆ ಬಂದಳು. "ಎರಡು. ಮೂರು." ನನ್ನ ಅಡುಗೆಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಎಣಿಸುತ್ತಿದ್ದ. ಎಂಟಕ್ಕೆ ಅವನ ದನಿ ಸ್ವಲ್ಪ ಇಳಿಯಿತು. "ಜೋರಾಗಿ" ಎಂದಳು. "ಒಂಬತ್ತು. ಹತ್ತು."

ಅಲ್ಲಿಗೆ ಇಬ್ಬರೂ ನಿಂತರು. ಕತ್ತರಿಯ ಸದ್ದು ಕೇಳಿಸಿತು.